ಮಿನಿ ಟ್ರ್ಯಾಕ್ಟರ್ ಬಕೆಟ್ಟಿಗೆ ಕ್ಲ್ಯಾಂಪ್ ಫೋರ್ಕ್: ಯಾವುದು ತಗೊಳ್ಳಲಿ, ತಗೊಳ್ಳಲೇಬೇಕಾ?

ಪ್ರಶ್ನೆ (ಬ್ಯಾಡಗಿ ತಾಲ್ಲೂಕು)
ಎಲ್ಲರಿಗೂ ನಮಸ್ಕಾರ. ನಮ್ಮದು 24 ಎಚ್‌ಪಿ ಮಿನಿ ಟ್ರ್ಯಾಕ್ಟರ್, ಫೋರ್ ವೀಲ್ ಡ್ರೈವ್. ಮುಂದೆ ಸಣ್ಣ ಲೋಡರ್ ಇದೆ. ಸುಗ್ಗಿಯಲ್ಲಿ ಹಮಾಲರು ಸಿಗುವುದೇ ಕಷ್ಟ. ಅದಕ್ಕೆ ಗೋವಿನಜೋಳದ ಚೀಲಗಳನ್ನು ಪ್ಯಾಲೆಟ್ (ಕೆಳಗೆ ಫೋರ್ಕ್ ತೂರುವ ಸಂದಿ ಇರುವ ಹಲಗೆ ಮಣೆ) ಮೇಲೆ ಜೋಡಿಸಿ ಟ್ರ್ಯಾಲಿಗೆ ಏರಿಸೋಣ ಅಂತ ಯೋಚನೆ. ಆನ್‌ಲೈನ್‌ನಲ್ಲಿ ಬಕೆಟ್ ಅಂಚಿಗೆ ಸ್ಕ್ರೂ ಬಿಗಿದು ಕೂರಿಸುವ ಕ್ಲ್ಯಾಂಪ್ ಫೋರ್ಕ್, ಅಂದರೆ ಮುಂದಕ್ಕೆ ಚಾಚುವ ಎರಡು ಕಬ್ಬಿಣದ ಕೋಲು, ನೋಡಿದೆ. 48 ಇಂಚು ಉದ್ದ, ಜೋಡಿಗೆ 900 ಕೆ.ಜಿ. ತಡೆಯುತ್ತೆ ಅಂತ ಬರೆದಿದ್ದಾರೆ. ನನ್ನದು 50 ಕೆ.ಜಿ.ಯ ಹತ್ತು ಚೀಲ, ಅಂದರೆ 500 ಕೆ.ಜಿ. ಆರಾಮಾಗಿ ಆಗುತ್ತೆ ಅಲ್ವಾ?

ಉತ್ತರ (ಹುಬ್ಬಳ್ಳಿ, ಲೋಡರ್ ಮತ್ತು ಟ್ರ್ಯಾಲಿ ಫ್ಯಾಬ್ರಿಕೇಶನ್)
ಇಲ್ಲಣ್ಣ, ಆಗಲ್ಲ. ಆ 900 ಕೆ.ಜಿ. ಫೋರ್ಕಿನ ಕಬ್ಬಿಣದ ಲೆಕ್ಕ. ಅಷ್ಟು ತೂಕಕ್ಕೆ ಫೋರ್ಕ್ ಬಗ್ಗಲ್ಲ ಅಂತ ಅಷ್ಟೇ. ನಿಮ್ಮ ಲೋಡರ್ ಎಷ್ಟು ಎತ್ತುತ್ತೆ, ನಿಮ್ಮ ಬಕೆಟ್ ಅಂಚು ಎಷ್ಟು ತಡೆಯುತ್ತೆ ಅನ್ನೋದು ಮಾರುವವರಿಗೆ ಗೊತ್ತಿರಲ್ಲ, ಅವರು ಕೇಳೋದೂ ಇಲ್ಲ.

ಮೊದಲು ಲೋಡರ್ ಲೆಕ್ಕ ನೋಡಿ. ಲೋಡರಿಗೆ 400 ಕೆ.ಜಿ. ಅಂತ ಬರೆದಿದ್ದರೆ ಅದು ಹೆಚ್ಚಾಗಿ ಬಕೆಟ್ ಪಿನ್ನಿನ (ಬಕೆಟ್ಟನ್ನು ತೋಳಿಗೆ ಸಿಗಿಸುವ ಪಿನ್) ಹತ್ತಿರ ಎತ್ತುವ ತೂಕ. ಚೀಲವನ್ನು ಎದೆಗೆ ಅಪ್ಪಿಕೊಂಡು ಎತ್ತೋದು ಬೇರೆ, ಕೈ ಚಾಚಿ ಎತ್ತೋದು ಬೇರೆ. ಕ್ಲ್ಯಾಂಪ್ ಫೋರ್ಕ್ ಹಾಕಿದಾಗ ಲೋಡರ್ ಕೈ ಚಾಚಿದಂತೆ. ತೋಳಿನ ಬುಡದ ಪಿನ್ನಿಂದ ಬಕೆಟ್ ಪಿನ್ ತನಕ 1.6 ಮೀಟರ್ ಇದೆ ಅಂದುಕೊಳ್ಳಿ. ಅದರ ಮುಂದೆ ಬಕೆಟ್ ಆಳ ಅರ್ಧ ಮೀಟರ್, ಅದರ ಮುಂದೆ ಪ್ಯಾಲೆಟ್ಟಿನ ನಡುಮಧ್ಯ ಇನ್ನರ್ಧ ಮೀಟರ್. 400ನ್ನು 1.6ರಿಂದ ಗುಣಿಸಿದರೆ 640. ಇದು ಲೋಡರಿನ ಒಟ್ಟು ತಾಕತ್ತು. ಇದೇ ಥರ ತೂಕವನ್ನು ಬುಡದ ಪಿನ್ನಿಂದ ಅದಕ್ಕಿರುವ ದೂರಕ್ಕೆ ಗುಣಿಸಿದರೆ, ಇದರಲ್ಲಿ 80 ಕೆ.ಜಿ. ಬಕೆಟ್ಟಿನ ಪಾಲು 150ರಷ್ಟು ಹೋಗುತ್ತೆ, 40 ಕೆ.ಜಿ. ಫೋರ್ಕ್ ಜೋಡಿಯದು 100 ಹೋಗುತ್ತೆ. ಉಳಿದ 390ನ್ನು 2.6 ಮೀಟರಿಗೆ ಭಾಗಿಸಿ. ಬರೋದು 150 ಕೆ.ಜಿ. ಮೂರು ಚೀಲ! ಅದರಲ್ಲೂ ಪ್ಯಾಲೆಟ್ಟಿನ ತೂಕ ಇನ್ನೂ ಹಿಡಿದಿಲ್ಲ. ಇವು ಉದಾಹರಣೆಗೆ ಹಿಡಿದ ಅಳತೆಗಳು. ನಿಮ್ಮ ಲೋಡರಿಗೆ ಟೇಪ್ ಹಿಡಿದು ನಿಮ್ಮ ಅಂಕಿ ಹಾಕಿ ನೋಡಿ. ಆದರೆ 500ರ ಹತ್ತಿರ ಬರೋದಿಲ್ಲ, ಅದನ್ನು ಈಗಲೇ ಹೇಳಿಬಿಡ್ತೀನಿ.

ಇನ್ನು ಬಕೆಟ್ ಅಂಚು. ಸಣ್ಣ ಲೋಡರ್ ಬಕೆಟ್ಟಿನ ತಳ ತೆಳು ಇರುತ್ತೆ. ಅದು ಮಣ್ಣು, ಗೊಬ್ಬರ ತುಂಬಲಿಕ್ಕೆ ಮಾಡಿದ್ದು. ಫೋರ್ಕಿನ ಬಾಲ ತಳದ ಕೆಳಗೆ 25 ಸೆಂ.ಮೀ. ಒಳಗೆ ಹೋಗಿದೆ, ಭಾರ ಅಂಚಿನಿಂದ 50 ಸೆಂ.ಮೀ. ಮುಂದಿದೆ ಅಂದರೆ, ಫೋರ್ಕಿನ ಮೇಲೆ 100 ಕೆ.ಜಿ. ಇಟ್ಟಾಗ ಬಾಲ 200 ಕೆ.ಜಿ.ಯಷ್ಟು ತಳವನ್ನು ಮೇಲಕ್ಕೆ ಒತ್ತುತ್ತೆ, ಕ್ಲ್ಯಾಂಪ್ 300 ಕೆ.ಜಿ.ಯಷ್ಟು ಅಂಚನ್ನು ಕೆಳಗೆ ಜಗ್ಗುತ್ತೆ. ಗುಂಡಿಯಲ್ಲಿ ಚಕ್ರ ಇಳಿದು ಜಿಗಿದರೆ ಇದು ಇನ್ನೂ ಜಾಸ್ತಿ. ಅಂಚು ಒಮ್ಮೆ ಅಂಕುಡೊಂಕಾದರೆ ಆಮೇಲೆ ಆ ಬಕೆಟ್ಟಿನಿಂದ ನೆಲ ಸಮ ಮಾಡೋದೂ ಕಷ್ಟ.

ಪ್ರಶ್ನೆ (ಕುಂದಗೋಳ)
ಹಂಗಾದ್ರೆ ಕ್ಲ್ಯಾಂಪ್ ಫೋರ್ಕ್ ಪೂರ್ತಿ ದಂಡ ಅಂತಲಾ ಸರ್? ನನಗೆ ಚೀಲ ಇಲ್ಲ. ಕಣಿಕೆ, ಹತ್ತಿ ಕಟ್ಟಿಗೆ, ಆಗಾಗ ಬೇವಿನ ಟೊಂಗೆ ಸಾಗಿಸಬೇಕು.

ಉತ್ತರ
ನಿಮ್ಮ ಕೆಲಸಕ್ಕೆ ಅದೇ ಸರಿ. ಕಣಿಕೆ ಗಾತ್ರ ದೊಡ್ಡದು, ತೂಕ ಕಮ್ಮಿ. ಕೊಳ್ಳುವಾಗ ಉದ್ದಕ್ಕೆ ಮರುಳಾಗಬೇಡಿ. 48 ಇಂಚು ಇದ್ದರೆ ಭಾರ ತಾನೇ ಮುಂದಕ್ಕೆ ಹೋಗುತ್ತೆ, ತಿರುಗಿಸುವಾಗ ಬೇಲಿಗೂ ಸಿಗುತ್ತೆ. 36 ಇಂಚು ಸಾಕು. ಎರಡೂ ಫೋರ್ಕಿನ ನಡುವೆ ಅಡ್ಡಪಟ್ಟಿ ಇರೋದನ್ನೇ ತಗೊಳ್ಳಿ. ಅದಿಲ್ಲದಿದ್ದರೆ ಟೊಂಗೆ ಒಂದು ಕಡೆ ಒತ್ತಿದಾಗ ಫೋರ್ಕ್ ಕತ್ತರಿಯಂತೆ ಅಗಲಿಕೊಳ್ಳುತ್ತೆ. ಬಾಲ ಉದ್ದ ಇದ್ದಷ್ಟೂ ಅಂಚಿನ ಮೇಲೆ ಜಗ್ಗಾಟ ಕಮ್ಮಿ, ಅದನ್ನೂ ಅಳೆಯಿರಿ. ಬಕೆಟ್ ತಳದಲ್ಲಿ ಉದ್ದಕ್ಕೆ ಪಟ್ಟಿ ವೆಲ್ಡ್ ಮಾಡಿರುವ ಜಾಗ ನೋಡಿ ಅಲ್ಲೇ ಕೂರಿಸಿ, ನಟ್ಟನಡುವೆ ಬೇಡ. ಮೊದಲ ಒಂದೆರಡು ಹೊರೆ ಆದಮೇಲೆ ನಿಲ್ಲಿಸಿ ಸ್ಕ್ರೂ ಮತ್ತೆ ಬಿಗಿಯಿರಿ, ಸಡಿಲ ಆಗಿಯೇ ಆಗಿರುತ್ತೆ. ಫೋರ್ಕ್ ಜಾರಿ ಬೀಳದಂತೆ ಬಕೆಟ್ಟಿಗೆ ಒಂದು ಚೈನ್ ಕಟ್ಟಿ.

ತಿಪ್ಪೆ ಗೊಬ್ಬರಕ್ಕೆ ಮಾತ್ರ ಇದು ಬೇಡ. ಎರಡು ಫೋರ್ಕಿನ ನಡುವೆ ಎಲ್ಲಾ ಸೋರಿ ಹೋಗುತ್ತೆ.

ಪ್ರಶ್ನೆ (ಗದಗ)
ನಮ್ಮಲ್ಲಿ ಫೋರ್ಕ್ ಎತ್ತಿದರೆ ಹಿಂದಿನ ಗಾಲಿ ಹಗುರ ಆಗುತ್ತೆ. ಎರೆ ಹೊಲ ಬೇರೆ. ಸೀಟಿನ ಹಿಂದೆ ಇಬ್ಬರು ನಿಂತರೆ ಸರಿ ಹೋಗುತ್ತೆ ಅಂತಾರೆ, ಮಾಡಬಹುದಾ?

ಉತ್ತರ
ದಯವಿಟ್ಟು ಮನುಷ್ಯರನ್ನು ತೂಕದ ಕಲ್ಲು ಮಾಡಬೇಡಿ. ಹಿಂದೆ ರೋಟಾವೇಟರ್ ಇದ್ದರೆ ಅದನ್ನೇ ಜೋಡಿಸಿ, ನೆಲದಿಂದ ಸ್ವಲ್ಪ ಎತ್ತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ 200 ಲೀಟರ್ ಡ್ರಮ್ಮಿಗೆ ಅರ್ಧ ಕಾಂಕ್ರೀಟ್ ಹಾಕಿ, ಹಿಂದಿನ ಲಿಫ್ಟಿಗೆ (ರೋಟಾವೇಟರ್ ಸಿಗಿಸಿ ಎತ್ತುವ ತೋಳುಗಳಿಗೆ) ಸಿಗಿಸುವ ಪಿನ್‌ಗಳನ್ನು ಕಾಂಕ್ರೀಟ್ ಒಳಗೇ ಕೂರಿಸಿದರೆ 240 ಕೆ.ಜಿ. ಆಗುತ್ತೆ. ಟಯರಿಗೆ ನೀರು ತುಂಬಿಸೋದೂ ಒಳ್ಳೆಯದು. ಆದರೆ ಲಿಫ್ಟಿನಲ್ಲಿ ತೂಗುವ ತೂಕ ಹಿಂದಿನ ಆಕ್ಸಲಿನಿಂದ ಆಚೆಗಿರುತ್ತೆ ನೋಡಿ, ಅದು ಮುಂದಿನ ಆಕ್ಸಲ್ ಮೇಲಿನ ಭಾರವನ್ನೂ ಇಳಿಸುತ್ತೆ. ಟಯರಿನ ನೀರು ಆ ಕೆಲಸ ಮಾಡಲ್ಲ. ಲೋಡರ್ ಇರುವ ಮಿನಿ ಟ್ರ್ಯಾಕ್ಟರಿನಲ್ಲಿ ಹೆಚ್ಚು ಭಾರ ಬೀಳೋದು ಮುಂದಿನ ಆಕ್ಸಲ್ಲಿಗೇ.

ಗಾಲಿ ಹಗುರ ಆದರೆ ಪಲ್ಟಿ ಆಗುತ್ತೆ ಅಂತ ಮಾತ್ರ ಹೆದರ್ತಾರೆ. ಬ್ರೇಕಿನ ಬಗ್ಗೆ ಯಾರೂ ಯೋಚಿಸಲ್ಲ. ಬ್ರೇಕ್ ಇರೋದು ಹಿಂದಿನ ಗಾಲಿಗೆ. ಅದು ನೆಲ ಬಿಟ್ಟರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಗಾಡಿ ನಿಲ್ಲಲ್ಲ. ಭಾರ ಇದ್ದಾಗ ಫೋರ್ ವೀಲ್ ಹಾಕಿಕೊಂಡೇ ಇಳಿಯಿರಿ, ಭಾರ ಯಾವಾಗಲೂ ಏರಿನ ಕಡೆ ಇರಲಿ, ಅಂದರೆ ಇಳಿಯುವಾಗ ರಿವರ್ಸ್. ಎರೆ ಮಣ್ಣು ಹಸಿ ಇದ್ದಾಗ ಅಂತೂ ಆ ದಿನ ಲೋಡರ್ ಕೆಲಸ ಬಿಡಿ.

ಪ್ರಶ್ನೆ (ರಾಣೆಬೆನ್ನೂರು)
ಗುಜರಿಯಲ್ಲಿ ಹಳೇ ಫೋರ್ಕ್‌ಲಿಫ್ಟಿನ ಫೋರ್ಕ್ ಸಿಗುತ್ತೆ. ಗಟ್ಟಿ ಮಾಲು. ಅದನ್ನೇ ಬಕೆಟ್ಟಿಗೆ ವೆಲ್ಡ್ ಮಾಡಿಸಿದರೆ?

ಉತ್ತರ
ಮಾಲು ಗಟ್ಟಿಯೇ, ಅನುಮಾನ ಇಲ್ಲ. ಆದರೆ ದೊಡ್ಡ ಫೋರ್ಕ್‌ಲಿಫ್ಟಿನ ಒಂದು ಜೋಡಿ 100 ಕೆ.ಜಿ. ದಾಟುತ್ತೆ. ಮೇಲಿನ ಲೆಕ್ಕಕ್ಕೆ ಅದನ್ನು ಹಾಕಿ ನೋಡಿ, ಲೋಡರ್ ಬರೀ ಫೋರ್ಕ್ ಎತ್ತಿ ಸುಸ್ತಾಗುತ್ತೆ. ಅದೂ ಅಲ್ಲದೆ ಅದು ಕಾಯಿಸಿ ಬಡಿದು ಹದ ಮಾಡಿದ ಉಕ್ಕು. ಅದರ ಮೂಲೆಯಲ್ಲಿ, ಎಲ್ ಆಕಾರ ತಿರುಗುವ ಜಾಗದಲ್ಲಿ, ವೆಲ್ಡ್ ಮಾಡಿದರೆ ಹದ ಕೆಡುತ್ತೆ, ಬಿರುಕು ಅಲ್ಲಿಂದಲೇ ಶುರು. ಆ ಮೂಲೆ ಹೊಸತಿಗಿಂತ ಶೇಕಡಾ 10 ಸವೆದಿದ್ದರೆ ಫೋರ್ಕ್‌ಲಿಫ್ಟಿನವರೇ ಅದನ್ನು ತೆಗೆದು ಹಾಕಬೇಕು ಅಂತ ನಿಯಮ. ಗುಜರಿಗೆ ಯಾಕೆ ಬಂತು ಅಂತ ಯೋಚಿಸಿ.

ಮಿನಿ ಲೋಡರಿಗೆ ಬಾಕ್ಸ್ ಪೈಪ್ ಸಾಕು. 100×50, 5 ಎಂ.ಎಂ. ದಪ್ಪದ್ದು ಮೀಟರಿಗೆ 11 ಕೆ.ಜಿ. ಬರುತ್ತೆ. ಅದನ್ನು 100ರ ಮಗ್ಗುಲು ಕೆಳಗೆ ಬರುವಂತೆ ಮಲಗಿಸಿ ಹಾಕಿದರೆ ಪ್ಯಾಲೆಟ್ ಸಂದಿಗೆ ಸಲೀಸಾಗಿ ಹೋಗುತ್ತೆ, ಇಷ್ಟು ಭಾರಕ್ಕೆ ಬಗ್ಗೋದೂ ಇಲ್ಲ.

ಪ್ರಶ್ನೆ (ಬ್ಯಾಡಗಿ, ಮೊದಲು ಕೇಳಿದವನು)
ಅಳೆದೆ ಸರ್. ನೀವು ಹೇಳಿದ ಅಂಕಿಗೂ ನನ್ನದಕ್ಕೂ ಜಾಸ್ತಿ ಫರಕಿಲ್ಲ. ಇನ್ನೊಂದು ತೊಡಕು, ನನ್ನ ಬಕೆಟ್ಟಿಗೆ ಹಲ್ಲುಗಳನ್ನು ವೆಲ್ಡ್ ಮಾಡಿದ್ದಾರೆ. ಕ್ಲ್ಯಾಂಪ್ ಕೂರುತ್ತಾ?

ಉತ್ತರ
ಹಲ್ಲಿನ ಮೇಲೆ ಕೂರಲ್ಲ. ಎರಡು ಹಲ್ಲಿನ ಸಂದಿಯಲ್ಲಿ ಕೂರಿಸಬೇಕು, ಆಗ ಫೋರ್ಕಿನ ಅಂತರ ನಿಮ್ಮ ಕೈಯಲ್ಲಿರಲ್ಲ, ಪ್ಯಾಲೆಟ್ಟಿಗೆ ತಾಳೆಯಾದರೆ ನಸೀಬು.

ನೀವು ಕ್ಲ್ಯಾಂಪ್ ಬಿಡಿ. ಬಕೆಟ್ ಬಿಚ್ಚಿ ಅದೇ ಪಿನ್ನುಗಳಿಗೆ ಕೂರುವ ಫೋರ್ಕ್ ಫ್ರೇಮ್ ಮಾಡಿಸಿ. ಬಕೆಟ್ ತೂಕ ಹೋಯ್ತು, ಬಕೆಟ್ಟಿನ ಆಳವೂ ಹೋಯ್ತು, ಭಾರ ಅಷ್ಟು ಹತ್ತಿರ ಬಂತು. ಫ್ರೇಮ್, ಫೋರ್ಕ್ ಸೇರಿ 80 ಕೆ.ಜಿ. ಒಳಗೆ ಮುಗಿದರೆ ಅದೇ ಲೋಡರ್ 150ರ ಜಾಗದಲ್ಲಿ 220 ಕೆ.ಜಿ. ಎತ್ತುತ್ತೆ. ನಾಲ್ಕು ಚೀಲ ಮತ್ತು ಹಗುರ ಪ್ಯಾಲೆಟ್. ಹತ್ತು ಚೀಲ ಒಮ್ಮೆಗೇ ಬೇಕಾದರೆ ಆ ದಿನಕ್ಕೆ ದೊಡ್ಡ ಲೋಡರ್ ಬಾಡಿಗೆಗೆ ತರಿಸೋದೇ ವಾಸಿ. ಹೊಲದಿಂದ ಮನೆಗೆ ಸಾಗಿಸೋದಷ್ಟೇ ಆದರೆ ಹಿಂದಿನ ಲಿಫ್ಟಿಗೆ ಫೋರ್ಕ್ ಹಾಕಿಸಬಹುದು, 24 ಎಚ್‌ಪಿ ಗಾಡಿಗಳಲ್ಲಿ ಲಿಫ್ಟ್ ತುದಿಯಲ್ಲಿ 750 ಕೆ.ಜಿ. ತನಕ ಎತ್ತುವಂಥವು ಇವೆ. ಫೋರ್ಕಿನ ಮೇಲೆ ಅಷ್ಟು ಬರಲ್ಲ, ಭಾರ ಅಲ್ಲೂ ಆಚೆ ಹೋಗುತ್ತೆ. ಟ್ರ್ಯಾಲಿ ಎತ್ತರಕ್ಕೂ ಅದು ಏರಲ್ಲ.

ಫ್ರೇಮಿನ ಹಿಂಬದಿಗೆ, ಚೀಲಗಳಿಗೆ ಬೆನ್ನಾಗಿ ನಿಲ್ಲುವ ಜಾಲರಿ ಕಡ್ಡಾಯ. ಈ ಲೋಡರುಗಳಲ್ಲಿ ತೋಳು ಮೇಲೆ ಹೋದಂತೆ ಫೋರ್ಕ್ ತಾನೇ ಹಿಂದಕ್ಕೆ ವಾಲುತ್ತೆ, ಮೇಲಿನ ಚೀಲ ತೋಳಿನ ಮೇಲೆ ಉರುಳಿ ನೇರ ನಿಮ್ಮ ಮಡಿಲಿಗೆ ಬರುತ್ತೆ. ಏರಿಸುತ್ತಾ ಲಿವರ್‌ನಿಂದ ಸಮ ಮಾಡಿಕೊಳ್ಳುತ್ತಿರಿ. ಚೀಲಗಳಿಗೆ ಬೆಲ್ಟ್ ಹಾಕಿ. ಓಡಾಡುವಾಗ ಫೋರ್ಕ್ ನೆಲದಿಂದ ಒಂದಡಿ ಒಳಗೇ ಇರಲಿ. ಫೋರ್ಕ್ ಮೇಲೆ ಹಲಗೆ ಹಾಕಿ ಮನುಷ್ಯರನ್ನು ಏರಿಸಿ ತೆಂಗಿನಕಾಯಿ ಕೀಳಿಸುವವರೂ ಇದ್ದಾರೆ. ಹೈಡ್ರಾಲಿಕ್ ಪೈಪ್ ಒಡೆದರೆ ಅದು ಹೇಳಿ ಇಳಿಯಲ್ಲ.

ಪ್ರಶ್ನೆ (ಬ್ಯಾಡಗಿ)
ನಾಲ್ಕು ಚೀಲ ಆದರೂ ನಡೆಯುತ್ತೆ. ನಮ್ಮೂರ ವೆಲ್ಡರ್ ಕಿಲೋ ಲೆಕ್ಕದಲ್ಲಿ ರೇಟ್ ಹೇಳ್ತಾರೆ, ಒಪ್ಪಲಾ?

ಉತ್ತರ
ಒಪ್ಪಿ, ಆದರೆ ಮೊದಲು ಪೈಪಿನ ಸೈಜು ಕಾಗದದಲ್ಲಿ ಬರೆದು ಕೊಡಿ. ಕಿಲೋ ಲೆಕ್ಕ ಅಂದರೆ ದಪ್ಪ ಮಾಲು ಹಾಕೋ ಆಸೆ ಯಾರಿಗಾದರೂ ಬರುತ್ತೆ, ಇಲ್ಲಿ ತೂಕ ಜಾಸ್ತಿ ಆದಷ್ಟೂ ನಿಮಗೇ ನಷ್ಟ. ಫೋರ್ಕ್ 90 ಸೆಂ.ಮೀ. ಸಾಕು, 1000×1200 ಎಂ.ಎಂ. ಪ್ಯಾಲೆಟ್ಟಿಗೆ 1200 ಅಗಲದ ಕಡೆಯಿಂದ ತೂರಿಸಿ, ಆಗ ಆಳ 1000 ಮಾತ್ರ. ಪಿನ್ನಿನ ದಪ್ಪ, ಪಿನ್ ತೂರುವ ಎರಡು ಕಿವಿಗಳ ನಡುವಿನ ಸಂದಿ, ಮೇಲಿನ ಪಿನ್ನಿಂದ ಕೆಳಗಿನ ಪಿನ್ನಿಗೆ ಅಂತರ, ಈ ಮೂರು ಅಳತೆ ತಪ್ಪಿದರೆ ಫ್ರೇಮ್ ಕೂರಲ್ಲ. ಫೋಟೋ ತೋರಿಸಿ ಮಾಡಿಸಬೇಡಿ, ಬಕೆಟ್ಟನ್ನೇ ಬಿಚ್ಚಿ ವೆಲ್ಡರ್ ಹತ್ತಿರ ಒಯ್ಯಿರಿ.