ದನ ಕಂಡರೆ ಬೆದರುವ ಕುದುರೆಗೆ ಧೈರ್ಯ ಬರಿಸುವುದು ಹೇಗೆ?

ಬಂಡಿದಾರಿ:
ನಮ್ಮದು ಥರೋಬ್ರೆಡ್ ಹೆಣ್ಣು ಕುದುರೆ. ರೇಸ್ ಬಿಡಿಸಿದ ಮೇಲೆ ಎಚ್.ಡಿ. ಕೋಟೆ ಕಡೆ ನಮ್ಮ ತೋಟಕ್ಕೆ ಬಂದಿದ್ದಾಳೆ. ಲಾರಿ, ಟ್ರ್ಯಾಕ್ಟರ್ ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ದಾರಿಯಲ್ಲಿ ಹಸು, ಎತ್ತು ಎದುರಾದರೆ ಸಾಕು, ತಲೆ ಎತ್ತಿ ಬುಸುಗುಟ್ಟಿ ಗಿರಕ್ಕನೆ ತಿರುಗಿಬಿಡುತ್ತಾಳೆ. ಕೊರಳ ಗಂಟೆ ಸದ್ದಿಗೇ ಬೆವರುತ್ತಾಳೆ. ಚಾಟಿ ಕೊಟ್ಟು ನುಗ್ಗಿಸಿ ಅಂತ ಊರಲ್ಲಿ ಹೇಳುತ್ತಾರೆ, ನನಗೆ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಲಾಯದ ಮಾತು:
ಚಾಟಿ ಬೇಡವೇ ಬೇಡ. ದನ ಕಂಡಾಗಲೆಲ್ಲ ಏಟು ಬಿದ್ದರೆ ದನ ಅಂದರೆ ನೋವು ಅಂತಲೇ ಕಲಿಯುತ್ತಾಳೆ. ರೇಸ್ ಕುದುರೆಗಳಲ್ಲಿ ಎಷ್ಟೋ ದನವನ್ನು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ಹಾಗಾಗಿ ಮೊದಲು ಮನೆಯಲ್ಲೇ ಶುರು ಮಾಡಿ. ಕೊಟ್ಟಿಗೆ ಕಾಣುವ ಹಾಗೆ, ನಡುವೆ ಗಟ್ಟಿ ಬೇಲಿ ಇರುವ ಜಾಗದಲ್ಲಿ ಬಿಡಿ, ಹುಲ್ಲನ್ನು ದೂರದಲ್ಲಿ ಹಾಕಿ, ಅವಳು ನೆಮ್ಮದಿಯಾಗಿ ತಿನ್ನತೊಡಗಿದ ಮೇಲೆ ಸ್ವಲ್ಪ ಸ್ವಲ್ಪವೇ ಬೇಲಿ ಹತ್ತಿರಕ್ಕೆ ತನ್ನಿ. ಕಟ್ಟಿಹಾಕಬೇಡಿ, ಹೆದರಿದರೆ ದೂರ ಹೋಗಲು ಜಾಗ ಇರಲೇಬೇಕು. ಇನ್ನೊಂದು ಮುಖ್ಯ ವಿಷಯ, ಪಶು ಆಹಾರದ ಚೀಲ ಅವಳ ಬಾಯಿಗೆ ಸಿಗಬಾರದು. ದನಕ್ಕೆ ಮಾಡಿದ ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ, ಅದು ಸ್ವಲ್ಪ ಹೊಟ್ಟೆಗೆ ಹೋದರೂ ಕುದುರೆಯ ಹೃದಯಕ್ಕೆ ಪೆಟ್ಟಾಗಿ ಜೀವ ಹೋಗಬಹುದು.

ಕಾವೇರಿ ಸವಾರಿ:
ದಾರಿಯಲ್ಲಿ ಎದುರಿಗೆ ಹೋಗುವ ಬದಲು ದನದ ಹಿಂದೆ ಹೋಗಿ ನೋಡಿ. ತಾನು ಬಂದರೆ ಅವು ಮುಂದೆ ಸರಿಯುತ್ತವೆ ಅಂತ ಗೊತ್ತಾದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಇನ್ನೊಂದು ಸಮಾಧಾನದ ಕುದುರೆ ಜೊತೆಗಿದ್ದರೆ ತುಂಬಾ ಒಳ್ಳೆಯದು. ಅವಳು ತಿರುಗಿ ಓಡುವಷ್ಟು ಹತ್ತಿರ ಹೋಗಲೇಬೇಡಿ. ಅದಕ್ಕೂ ಮೊದಲೇ ನಿಲ್ಲಿಸಿ, ನೋಡಲು ಬಿಡಿ. ತಲೆ ತಗ್ಗಿಸಿ, ಬಾಯಿ ಆಡಿಸಿ, ಉಸಿರು ಬಿಟ್ಟಳು ಅಂದರೆ ಕತ್ತು ಸವರಿ ನೀವೇ ಹಿಂದಕ್ಕೆ ಕರೆದುಕೊಂಡು ಬನ್ನಿ. ಎರಡೂ ಕಡೆ ಲಗಾಮು ಬಿಗಿಯಾಗಿ ಎಳೆದು ಹಿಡಿದರೆ ಸಿಕ್ಕಿಬಿದ್ದ ಹಾಗಾಗಿ ಇನ್ನೂ ಗಾಬರಿಯಾಗುತ್ತಾಳೆ. ಓಡಲು ನೋಡಿದರೆ ಒಂದೇ ಕಡೆಗೆ ಬಗ್ಗಿಸಿ ಸಣ್ಣ ಸುತ್ತು ಹಾಕಿಸಿ.

ಬಂಡಿದಾರಿ:
ಹಿಂದೆ ಹೋಗುವುದು ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ದಾರಿ ಕಿರಿದಾಗಿ ಎದುರಿಗೇ ಬಂದರೆ ಇಳಿದುಬಿಡಲಾ?

ಹೊಲದ ಬದು:
ಇಳಿಯಿರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವಳು ಕುಣಿಯಲು ಶುರು ಮಾಡುವ ಮೊದಲೇ ಇಳಿಯಬೇಕು. ಅವಳ ಮುಂದೆ ನಿಲ್ಲಬೇಡಿ, ಹಣೆಯ ನೇರಕ್ಕೆ ಹತ್ತಿರ ಇರುವುದು ಕುದುರೆಗೆ ಕಾಣುವುದಿಲ್ಲ, ಬೆದರಿದರೆ ನಿಮ್ಮ ಮೇಲೇ ಬರುತ್ತಾಳೆ. ಭುಜದ ಪಕ್ಕ ನಿಲ್ಲಿ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ. ದನ ಕಾಯುವವರನ್ನು ದೂರದಿಂದಲೇ ಮಾತಾಡಿಸಿ, ‘ಅಣ್ಣಾ, ಕುದುರೆ ಬೆದರುತ್ತೆ, ಸ್ವಲ್ಪ ಬದಿಗೆ ಹೊಡ್ಕೊಳ್ಳಿ’ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಎಳೆಗರು ಜೊತೆಗಿರುವ ಹಸು, ಬಿಟ್ಟ ಹೋರಿ ಇದ್ದರೆ ಮಾತ್ರ ಧೈರ್ಯದ ಪಾಠ ಬೇಡ, ಅವು ನಿಜವಾಗಿಯೂ ಹಾಯುತ್ತವೆ. ಸಂಜೆ ದನ ಮನೆ ಕಡೆ ನುಗ್ಗುವ ಹೊತ್ತನ್ನೂ ಸದ್ಯಕ್ಕೆ ಬಿಡಿ, ಅವು ಹೊಲದಲ್ಲಿ ಸುಮ್ನೆ ಮೇಯುತ್ತಿರುವಾಗ ಕರೆದುಕೊಂಡು ಹೋಗಿ.