ಮಗುವಿಗೆ ಲಿವರ್ ಫೇಲ್ಯೂರ್: ಔಷಧಿ ವಿಚಾರ ಗೊತ್ತಿರುವವರು ಹೇಳಿ

ಪ್ರಶ್ನೆ: ಅಕ್ಕನ ಮಗಳಿಗೆ 5 ವರ್ಷ. ಕಾಮಾಲೆ ಅಂತ ಶುರುವಾಗಿದ್ದು, ಈಗ ಅಕ್ಯೂಟ್ ಲಿವರ್ ಫೇಲ್ಯೂರ್, ಅಂದರೆ ಲಿವರ್ ದಿಢೀರ್ ಕೈಕೊಟ್ಟಿದೆ ಅಂತಿದ್ದಾರೆ. ಮಕ್ಕಳ ಐಸಿಯುನಲ್ಲಿದ್ದಾಳೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದು ಎಷ್ಟು ತಡವಾಗುತ್ತೆ ಅಂತ ತೋರಿಸೋ ಅಂಕಿ) 3 ದಾಟಿದೆ, ಆದರೂ ರಕ್ತ ಹೆಪ್ಪುಗಟ್ಟಲು ನೆರವಾಗೋ ಪ್ಲಾಸ್ಮಾ ಕೊಡುತ್ತಿಲ್ಲ. ಎನ್‌ಎಸಿ (ಎನ್-ಅಸಿಟೈಲ್‌ಸಿಸ್ಟೀನ್) ಇಂಜೆಕ್ಷನ್ ಕೂಡ ಬೇಡ ಅಂದರು, ಬೇರೆ ಕಡೆ ವಿಚಾರಿಸಿದರೆ ಅದನ್ನೇ ಮೊದಲು ಕೊಡಬೇಕು ಅಂತಾರೆ. ಯಾರ ಮಾತು ನಂಬೋದು?

ಒಬ್ಬ ತಾಯಿ: ನಮ್ಮ ಮಗನಿಗೆ ಹೆಪಟೈಟಿಸ್ ಎ ಇಂದ ಹೀಗಾಗಿತ್ತು, ಈಗ ಆರಾಮಾಗಿದ್ದಾನೆ. ಲಿವರ್‌ಗೆ ಅಂತ ಯಾವ ಔಷಧಿ ಕೊಡ್ತಿದ್ದೀರಿ ಅಂತ ನಾನೂ ದಿನಾ ಕೇಳುತ್ತಿದ್ದೆ. ಲಿವರ್ ತಾನಾಗಿಯೇ ಬೆಳೆದುಕೊಳ್ಳಬೇಕು, ಅಲ್ಲಿವರೆಗೆ ಮಿಕ್ಕಿದ್ದನ್ನು ನಾವು ಕಾಪಾಡ್ತೀವಿ ಅಂದರು ಡಾಕ್ಟರ್. ಸಕ್ಕರೆ ಇಳಿಯದ ಹಾಗೆ ಗ್ಲೂಕೋಸ್ ಡ್ರಿಪ್, ವಿಟಮಿನ್ ಕೆ, ಆಂಟಿಬಯಾಟಿಕ್, ಮೈಯಲ್ಲಿ ಅಮೋನಿಯಾ ಅನ್ನೋ ವಿಷ ಏರದ ಹಾಗೆ ಲ್ಯಾಕ್ಟುಲೋಸ್. ಮೆದುಳಿಗೆ ಮಂಪರು ಬಂದಿದೆಯಾ ನೋಡೋಕೆ ರಾತ್ರಿ ನರ್ಸ್ ಬಂದು ಅವನ ಹೆಸರು ಕೇಳೋರು, ಆಮೇಲೆ ತಂಗಿ ಹೆಸರು. ಒಂದು ಸಲ ತಂಗಿ ಹೆಸರು ತಪ್ಪು ಹೇಳಿದ, ಅಷ್ಟಕ್ಕೇ ಅವರು ಡಾಕ್ಟರನ್ನು ಎಬ್ಬಿಸಿ ಕರೆತಂದರು. ಇನ್ನೊಂದು ಮಾತು, ಎಸ್‌ಜಿಪಿಟಿ (ಲಿವರ್ ಜೀವಕೋಶಗಳು ಹಾಳಾದಾಗ ರಕ್ತದಲ್ಲಿ ಏರೋ ಅಂಶ) ಇಳಿಯಿತು ಅಂತ ಖುಷಿಪಡಬೇಡಿ. ಐಎನ್‌ಆರ್, ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ಏರುತ್ತಿರುವಾಗ ಅದು ಇಳಿದರೆ ಸಾಯಲು ಜೀವಕೋಶಗಳೇ ಉಳಿದಿಲ್ಲ ಅಂತಲೂ ಇರಬಹುದು.

ಐಸಿಯು ನರ್ಸ್: ಪ್ಲಾಸ್ಮಾ ಕೊಡದಿರೋದು ಅಸಡ್ಡೆ ಅಲ್ಲ. ಲಿವರ್ ಸುಧಾರಿಸುತ್ತಿದೆಯಾ ಅನ್ನೋದಕ್ಕೆ ನಮ್ಮ ಕೈಯಲ್ಲಿರುವ ದೊಡ್ಡ ಗುರುತೇ ಐಎನ್‌ಆರ್, ಪ್ಲಾಸ್ಮಾ ಹಾಕಿದರೆ ಅಂಕಿ ಚೆನ್ನಾಗಿ ಕಾಣುತ್ತೆ ಅಷ್ಟೇ, ಲಿವರ್ ಎಲ್ಲಿತ್ತೋ ಅಲ್ಲೇ ಇರುತ್ತೆ. ರಕ್ತ ಸೋರುತ್ತಿದ್ದರೆ ಅಥವಾ ಏನಾದರೂ ಪ್ರೊಸೀಜರ್ ಮಾಡಬೇಕಿದ್ದರೆ ಕೊಡ್ತೀವಿ. ಮಗು ಒದ್ದಾಡುತ್ತಿದೆ, ನಿದ್ದೆ ಬರೋ ಔಷಧಿ ಕೊಡಿ ಅಂತ ಕೇಳಬೇಡಿ. ಅಮೋನಿಯಾ ತಲೆಗೇರಿ ಮಂಪರು ಬಂತಾ, ಔಷಧಿಯಿಂದ ಬಂತಾ ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ.

ಇನ್ನು ಎನ್‌ಎಸಿ. ಪ್ಯಾರಸಿಟಮಾಲ್ ಜಾಸ್ತಿ ಆಗಿ ಲಿವರ್ ಕೆಟ್ಟಿದ್ದರೆ ಅದೇ ಮದ್ದು, ಎರಡು ಮಾತಿಲ್ಲ. 8 ಗಂಟೆಯೊಳಗೆ ಶುರುಮಾಡಿದರೆ ಅತ್ಯುತ್ತಮ, ತಡವಾದರೂ ಕೊಡ್ತಾರೆ. ಬೇರೆ ಕಾರಣಕ್ಕಾದರೆ ಕಥೆ ಬೇರೆ. 2013ರಲ್ಲಿ ಪ್ರಕಟವಾದ ಒಂದು ಟ್ರಯಲ್‌ನಲ್ಲಿ (ಔಷಧಿ ಪರೀಕ್ಷೆಯ ಅಧ್ಯಯನ) ಅಂಥ 184 ಮಕ್ಕಳಿದ್ದರು. ಲಿವರ್ ಕಸಿ ಇಲ್ಲದೆ ಒಂದು ವರ್ಷ ಬದುಕುಳಿದವರು ಎನ್‌ಎಸಿ ಕೊಟ್ಟ ಗುಂಪಿನಲ್ಲಿ ಶೇ. 35, ಕೊಡದ ಗುಂಪಿನಲ್ಲಿ ಶೇ. 53. 2 ವರ್ಷದೊಳಗಿನ ಮಕ್ಕಳಲ್ಲಿ ಇನ್ನೂ ಕೆಟ್ಟದು. ದೊಡ್ಡವರಲ್ಲಿ, ಅದೂ ಮಂಪರು ಕಮ್ಮಿ ಇದ್ದವರಲ್ಲಿ, ಉಪಯೋಗ ಕಂಡಿದೆ, ಬಹುಶಃ ನಿಮಗೆ ಇನ್ನೊಂದು ಕಡೆ ಹೇಳಿದ್ದು ಅದರ ಮೇಲೆ. ನನ್ನ ಕೇಳಿದರೆ, ನಿಮ್ಮ ಡಾಕ್ಟರ್ ಬೇಡ ಅಂದಿದ್ದು ಓದಿಕೊಂಡೇ ಅಂದಿದ್ದು. ಆದರೆ ಮನೆಯಲ್ಲಿ ಜ್ವರದ ಸಿರಪ್ ಎಷ್ಟು ಸಲ, ಎಷ್ಟು ಎಂಎಲ್ ಕೊಟ್ಟಿದ್ದರು ಅಂತ ಅಕ್ಕನ್ನ ಸರಿಯಾಗಿ ಕೇಳಿ. ಡ್ರಾಪ್ಸ್‌ಗೂ ಸಿರಪ್‌ಗೂ ಸ್ಟ್ರೆಂತ್ ಬೇರೆ, ಮನೆಯಲ್ಲಿ ಇಬ್ಬರು ಬೇರೆ ಬೇರೆ ಬಾಟಲಿಯಿಂದ ಹಾಕಿರೋದನ್ನು ನೋಡಿದ್ದೀನಿ.

ಇನ್ನೊಬ್ಬರು: ಯಾವ ಔಷಧಿ ಅನ್ನೋದಕ್ಕಿಂತ ಯಾವ ಕಾರಣ ಅಂತ ಕೇಳಿ. ಆಟೋಇಮ್ಯೂನ್ (ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ದಾಳಿ ಮಾಡೋದು) ಆದರೆ ಸ್ಟೀರಾಯ್ಡ್, ಹಸುಗೂಸಿಗೆ ಹರ್ಪಿಸ್ ಅನುಮಾನ ಇದ್ದರೆ ರಿಪೋರ್ಟ್ ಬರೋ ಮೊದಲೇ ವೈರಸ್ ಔಷಧಿ ಅಸೈಕ್ಲೊವಿರ್, ಹುಟ್ಟಿನಿಂದ ಬರೋ ಟೈರೊಸಿನೀಮಿಯಾ ಕಾಯಿಲೆಗೆ ನೈಟಿಸಿನೋನ್ ಔಷಧಿ. ಲಿವರ್‌ನಲ್ಲಿ ತಾಮ್ರ ತುಂಬಿಕೊಳ್ಳೋ ವಿಲ್ಸನ್ಸ್ ಕಾಯಿಲೆ ಈ ಹಂತಕ್ಕೆ ಬಂದಿದ್ದರೆ ತಾಮ್ರ ತೆಗೆಯುವ ಮಾತ್ರೆ ಒಂದರಿಂದಲೇ ಸಾಮಾನ್ಯವಾಗಿ ಸಾಲಲ್ಲ. ನಮ್ಮ ಮಗುವಿನದು ಆಟೋಇಮ್ಯೂನ್, ಆ ಟೆಸ್ಟ್ ಕಳಿಸಿದ್ದೇ ಉಳಿಸಿತು. ಫಿಟ್ಸ್‌ಗೆ ವಾಲ್‌ಪ್ರೊಯೇಟ್, ಟಿಬಿ ಮಾತ್ರೆ, ನಾಟಿ ಕಷಾಯ, ಇವೂ ಲಿವರ್ ಕೆಡಿಸಬಹುದು, ಏನೇ ಕೊಟ್ಟಿದ್ದರೂ ಮುಚ್ಚಿಡದೆ ಬಾಟಲಿ ಸಮೇತ ತೋರಿಸಿ.

ಮತ್ತೆ, ಕಸಿ ಮಾಡುವ ಸೆಂಟರ್‌ಗೆ ಇವತ್ತೇ ಮಾತಾಡಿದ್ದಾರಾ ಕೇಳಿ. ಕಸಿ ಆಗಲೇಬೇಕು ಅಂತಲ್ಲ, ಎಷ್ಟೋ ಮಕ್ಕಳು ಇಲ್ಲದೇ ಚೇತರಿಸಿಕೊಳ್ತಾರೆ. ಆದರೆ ಮೆದುಳಲ್ಲಿ ಊತ ಶುರುವಾದ ಮೇಲೆ ಮಗುವನ್ನು ಆಂಬುಲೆನ್ಸ್‌ನಲ್ಲಿ ಸಾಗಿಸೋದೇ ದೊಡ್ಡ ಅಪಾಯ, ಮಾತಾಡಿಸಿದರೆ ಉತ್ತರ ಕೊಡುವಾಗಲೇ ಹೊರಡಿಸೋದು ವಾಸಿ.