ರೈ ಅಂದ್ರೆ ಸಾಸಿವೆನಾ?

ಕೋಥ್ರೂಡ್, ಪುಣೆ:
ಬ್ರೆಡ್ ಪೊಟ್ಟಣದ ಮೇಲೆ 'ರೈ' ಅಂತಿದೆ. ಇಲ್ಲಿ ಕಿರಾಣಿ ಅಂಗಡೀಲಿ 'ರಾಯಿ' ಕೇಳಿದ್ರೆ ಸಾಸಿವೆ ಕೊಡ್ತಾರೆ. ಎರಡೂ ಒಂದೇ ಪದವಾ?

ಮಾಟುಂಗಾ:
ಅಲ್ಲ ಸರ್, ಕಿವಿಗಷ್ಟೇ ಒಂದೇ. ಒಗ್ಗರಣೆಯ ರಾಯಿ ಸಂಸ್ಕೃತದ 'ರಾಜಿಕಾ'ದಿಂದ ಬಂದದ್ದು. ಬ್ರೆಡ್ಡಿನ ರೈ ಗೋಧಿ, ಜವೆಗೋಧಿಯ ಬಳಗದ ಧಾನ್ಯ. ಹಳೆ ಇಂಗ್ಲಿಷಿನಲ್ಲಿ 'ರ್‍ಯುಗೆ'. ಜರ್ಮನ್ 'ರೋಗೆನ್', ರಷ್ಯನ್ 'ರೋಷ್' ಅದರ ದಾಯಾದಿಗಳು. ಫ್ರೆಂಚರ 'ಸೇಗ್ಲ್' ಮಾತ್ರ ಬೇರೆ ಮನೆತನ: ಲ್ಯಾಟಿನ್ 'ಸೆಕಾಲೆ'. ಸಸ್ಯಶಾಸ್ತ್ರದ ಹೆಸರೂ ಅದೇ, ಸೆಕಾಲೆ ಸಿರಿಯಾಲೆ.

ಮಡಗಾಂವ್:
ಮನೇಲಿ ಮಾಡೋದಾದ್ರೆ 400 ಗ್ರಾಂ ಮೈದಾಕ್ಕೆ 100 ಗ್ರಾಂ ರೈ ಸಾಕು. ಹೆಚ್ಚಾದ್ರೆ ಬ್ರೆಡ್ ಉಬ್ಬಲ್ಲ, ಅದರ ಅಂಟಿಗೆ ಹಿಗ್ಗುವ ಗುಣ ಕಡಿಮೆ. ಹಿಟ್ಟು ಕೈಗೆ ಮೆತ್ತಿದ್ರೆ ಒಣಹಿಟ್ಟು ಉದುರಿಸಬೇಡಿ, ಕೈ ಒದ್ದೆ ಮಾಡ್ಕೊಳ್ಳಿ.

ಕೋಥ್ರೂಡ್, ಪುಣೆ:
ಸರಿ, ಸಾಸಿವೆ ಒಗ್ಗರಣೆಗೇ ಇರಲಿ!